ಮೇಲಿನ ಮನೆಯ ಅಕ್ಕ ಎಣಿಸಿದ ಹುಲಿ

ಕಳೆದ ವಾರ ಕೋಟಿನ ಗುಂಡಿ ಹುಡುಕುತ್ತ ದೆಹಲಿಯ ಕರೋಲ್ ಬಾಗ್‌ನ ಒಂದು ದಾರದಂಗಡಿಗೆ ಹೊಕ್ಕೆ. ಅಂಗಡಿಯವನು ರೇಷ್ಮೆ ಲಡಿಗಳ ಪೆಟ್ಟಿಗೆ ತೆರೆದಾಗ ಹೊಸ ಬಣ್ಣ, ಗಂಜಿ, ನುಸಿಗುಳಿಗೆ ಎಲ್ಲ ಬೆರೆತ ವಾಸನೆ ಬಂತು. ಗುಂಡಿಯ ವಿಷಯ ಮರೆತೇ ಹೋಯಿತು. ನಮ್ಮ ಮೇಲಿನ ಮನೆಯ ಅಕ್ಕನಿಗೆ ಇಂಥದೇ ಅಂಗಡಿಯಿಂದ ಎಷ್ಟು ಸಲ ಕಪ್ಪು ದಾರ, ಕಿತ್ತಳೆ ದಾರ ಒಯ್ದು ಕೊಟ್ಟಿದ್ದೆನೋ…

ಆಗ ಕರೋಲ್ ಬಾಗ್‌ಗೆ ಮೆಟ್ರೋ ಬಂದದ್ದು ಹೊಸದು. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಹುಲಿ, ಚಿರತೆಗಳ ಹಿಂದೆ ಬೀಳುತ್ತಿದ್ದೆ. ಅಕ್ಕ ಧಾರವಾಡದವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಯಜಮಾನರು ಇನ್ನೊಂದು ಇಲಾಖೆಯಲ್ಲಿದ್ದರು. ಅಕ್ಕನಿಗೆ ಕಸೂತಿ ಎಂದರೆ ಪ್ರಾಣ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ ಹಾಕುವ ಹೊಲಿಗೆ ಅದು. ಎಲ್ಲೂ ಗಂಟು ಹಾಕುವಂತಿಲ್ಲ, ಮುಂದೆ ಮೂಡಿದ ಚಿತ್ರ ಹಿಂದೆಯೂ ಅಷ್ಟೇ ಚೊಕ್ಕವಾಗಿ ಮೂಡಬೇಕು.

ನಮ್ಮ ಮನೆಯ ಗೋಡೆಯ ಮೇಲೆ ನಾನೇ ತೆಗೆದ ಒಂದು ಹುಲಿಯ ಮುಖವಿತ್ತು. ಈಗ ಹೇಳಿಬಿಡುತ್ತೇನೆ, ಅದು ದೆಹಲಿ ಮೃಗಾಲಯದ ಹುಲಿ. ಹೊಸ ಲೆನ್ಸ್ ಪರೀಕ್ಷೆ ಮಾಡಲು ಹೋಗಿ ತೆಗೆದದ್ದು. ಯಾವ ಕಾಡು ಎಂದು ಮೊದಲು ಕೇಳಿದವರಿಗೆ ಸುಮ್ಮನೆ ನಕ್ಕೆ. ಎರಡನೆಯವರಿಗೆ ರಾಜಸ್ಥಾನ ಎಂದೆ. ಆಮೇಲೆ ಅದೇ ರೂಢಿಯಾಯಿತು, ಹೆಂಡತಿ ಕೂಡ ಅದನ್ನೇ ನಂಬಿದ್ದಳು. ಆ ಚಿತ್ರ ನೋಡಿ ಮರುಳಾದ ಸಂಘಟಕರೊಬ್ಬರು ಸರ್ಕಾರಿ ನೌಕರರ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು. ಮೂವರಲ್ಲಿ ನಾನೊಬ್ಬ. ಒಂದು ವಾರ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಅದೇ ಹುಲಿಯನ್ನು ಅಕ್ಕ ನನ್ನ ಹೆಂಡತಿಗಾಗಿ ದಿಂಬಿನ ಹೊದಿಕೆಯ ಮೇಲೆ ಹಾಕುತ್ತಿದ್ದರು. ಕಸೂತಿಯಲ್ಲಿ ಹುಲಿಯ ಮುಖವನ್ನು ಯಾರಾದರೂ ಹಾಕುತ್ತಾರೆಯೇ? ಆದರೆ ಅಕ್ಕನ ಹಟ ಅಂದರೆ ಹಟ. ಮಧ್ಯಾಹ್ನ ಇಳಿದು ಬಂದು, ಚಿತ್ರದೆದುರು ಬೆತ್ತದ ಸ್ಟೂಲು ಹಾಕಿಕೊಂಡು ಹಣೆಯ ಪಟ್ಟೆಗಳನ್ನು ಎಣಿಸುತ್ತ ಕೂರುತ್ತಿದ್ದರು. ಹೀಗೆ ಎರಡು ತಿಂಗಳು ನಡೆಯಿತು.

ಸ್ಪರ್ಧೆಯ ಚಿತ್ರಗಳ ಕಟ್ಟು ನನ್ನ ಸರದಿಗೆ ಮನೆಗೆ ಬಂತು. ಮರುದಿನ ಮೂವರೂ ಕೂತು ಅಂತಿಮ ತೀರ್ಪು ಕೊಡಬೇಕಿತ್ತು. ಹಸಿರು ಹಿನ್ನೆಲೆಯಲ್ಲಿ ನೇರವಾಗಿ ನೋಡುತ್ತಿದ್ದ ಒಂದು ಹುಲಿಯ ಮುಖವನ್ನು ಮೊದಲ ಬಹುಮಾನಕ್ಕೆಂದು ತೆಗೆದಿಟ್ಟು, ಸಂಘಟಕರಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಅಕ್ಕ ಬಂದರು. ಚಿತ್ರವನ್ನು ನೋಡಿದವರು ಕೈಯಲ್ಲಿದ್ದ ಬಟ್ಟೆಯನ್ನು ಮಗುಚಿ ಅದರ ಪಕ್ಕಕ್ಕೆ ಹಿಡಿದರು.

"ತಮ್ಮಾ, ಇದು ನಿನ್ನ ಗೋಡಿ ಮ್ಯಾಲಿನ ಹುಲಿನೇ ಅದ. ಉಲ್ಟಾ ಅದ ಅಷ್ಟ."

ಗೋಡೆಯ ಹುಲಿಗೆ ಎಡಗಣ್ಣಿನ ಮೇಲಿದ್ದ ಮೂರು ಪಟ್ಟೆ ಬಟ್ಟೆಯ ಹಿಂಭಾಗದಲ್ಲಿ ಬಲಗಣ್ಣಿನ ಮೇಲೆ, ನಡುವಿನದು ತುಂಡಾದದ್ದು. ಚಿತ್ರದಲ್ಲೂ ಹಾಗೆಯೇ. ಅದೇ ಮೃಗಾಲಯದ ಹುಲಿಯನ್ನು ಇನ್ಯಾರೋ ತೆಗೆದು ಕಳಿಸಿದ್ದರು. ಗುರುತು ಸಿಗದಿರಲೆಂದು ಅವರೇ ತಿರುಗಿಸಿದ್ದರೋ, ಲ್ಯಾಬಿನಲ್ಲಿ ಸ್ಲೈಡ್ ಮಗುಚಿತ್ತೋ, ನನಗೆ ಗೊತ್ತಿಲ್ಲ. ಮೃಗಾಲಯದ ಪ್ರಾಣಿಗಳಿಗೆ ಸ್ಪರ್ಧೆಯಲ್ಲಿ ಜಾಗವಿರಲಿಲ್ಲ. ಇದನ್ನು ತಳ್ಳಿಹಾಕಬೇಕೆಂದರೆ ನನ್ನ ಹುಲಿ ಎಲ್ಲಿಯದು ಎಂದು ಮೊದಲು ನಾನು ಬಾಯಿ ಬಿಡಬೇಕಿತ್ತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಆದರೆ ಯಾರೋ ಕಾಡಿನಲ್ಲಿ ದಿನಗಟ್ಟಲೆ ಕಾದು ತೆಗೆದ ಚಿತ್ರಕ್ಕೆ ಬಹುಮಾನ ತಪ್ಪುತ್ತಿತ್ತು.

ಅಕ್ಕನಿಗೂ ಹೆಂಡತಿಗೂ ಎಲ್ಲ ಹೇಳಿದೆ. ಹೆಂಡತಿ ಮುಖ ತಿರುಗಿಸಿ ಒಳಗೆ ಹೋದಳು. ಅಕ್ಕ ಬೈಯಲಿಲ್ಲ.

"ತಪ್ಪು ಹೊಲಿಗಿ ಬಿದ್ದದ್ದು ಕಂಡಮ್ಯಾಲೆ ಬಿಚ್ಚಬೇಕು. ನಾಳೆ ನಾನೂ ಬರ್ತೀನಿ ನಡಿ."

ಮರುದಿನ ಇಳಕಲ್ ಸೀರೆ ಉಟ್ಟು, ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದೇಬಿಟ್ಟರು. ತೀರ್ಪಿನ ಸಭೆಯಲ್ಲಿ ತೊದಲುತ್ತ ತೊದಲುತ್ತ ಎಲ್ಲ ಒಪ್ಪಿಕೊಂಡೆ. ಉಳಿದ ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಅರಣ್ಯಾಧಿಕಾರಿ. ಅವರು ನನ್ನನ್ನು ಬಿಟ್ಟು ಅಕ್ಕನತ್ತ ತಿರುಗಿ, ಕಾಡು ನೋಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದರು. ದನಿಯಲ್ಲಿ ಕೊಂಚ ಕುಹಕವಿತ್ತು. ಅಕ್ಕ ತಮ್ಮ ಧಾರವಾಡದ ಹಿಂದಿಯಲ್ಲೇ ಉತ್ತರ ಕೊಟ್ಟರು.

"ಜಂಗಲ್ ನಹೀ ದೇಖಾ, ಭಾಯಿಸಾಬ್. ಧಾರಿ ಗಿನಾ."

ಕಾಡು ನೋಡಿಲ್ಲ, ಪಟ್ಟೆ ಎಣಿಸಿದ್ದೇನೆ. ಹಾಗೆಂದು ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಮಗುಚಿ, ಪಟ್ಟೆ ಪಟ್ಟೆಗೂ ಬೆರಳಿಟ್ಟು ತೋರಿಸಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಎದ್ದು ಅಕ್ಕನಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು! ನನ್ನ ಅವಮಾನ ಇನ್ನೂ ಆರಿರಲಿಲ್ಲ. ಆದರೂ ಇವರು ನಮ್ಮ ಮೇಲಿನ ಮನೆಯವರು ಎಂದು ಎದೆಯುಬ್ಬಿತು.

ಮಧ್ಯಾಹ್ನವೆಲ್ಲ ಅವರನ್ನು ಕೂರಿಸಿಕೊಂಡೇ ಚಿತ್ರಗಳನ್ನು ನೋಡಿದೆವು. ದೆಹಲಿ ಹತ್ತಿರದ ಮಾನೇಸರ್ ಕಡೆಯ ಗುಡ್ಡದ ಕುರುಚಲಿನಲ್ಲಿ ಅರ್ಧ ಮುಖವಷ್ಟೇ ಕಾಣುವ ಒಂದು ಚಿರತೆಯ ಚಿತ್ರವನ್ನು ನಾವು ಮೂವರೂ ಆಗಲೇ ಬದಿಗಿಟ್ಟಿದ್ದೆವು. ಅಕ್ಕ ಅದನ್ನು ಮತ್ತೆ ಕೈಗೆತ್ತಿಕೊಂಡರು. ಇದು ಚುಕ್ಕೆ ಎಣಿಸಲು ಬಿಡುತ್ತಿಲ್ಲ, ತನ್ನ ಪಾಡಿಗೆ ತಾನಿದೆ ಎಂದರು. ಮೊದಲ ಬಹುಮಾನ ಅದಕ್ಕೇ ಹೋಯಿತು.

ಮುಂದಿನ ವರ್ಷ ಅವರ ಯಜಮಾನರು ನಿವೃತ್ತರಾಗಿ ಇಬ್ಬರೂ ಧಾರವಾಡಕ್ಕೆ ಹೋದರು. ಒಮ್ಮೆ ಕಾಡಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ… ಆಗಲೇ ಇಲ್ಲ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ಒಬ್ಬನೇ ಕೂತು ಅತ್ತೆ.

ಈಗಲೂ ನನ್ನನ್ನು ತೀರ್ಪುಗಾರನೆಂದು ಅಲ್ಲಲ್ಲಿ ಕರೆಯುತ್ತಾರೆ. ನನ್ನ ಪರಿಚಯ ಓದುವಾಗ ಆ ಮೊದಲ ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ಒಬ್ಬ ಎನ್ನುತ್ತಾರೆ. ಹಾಗೆ ಬರೆದುಕೊಟ್ಟವನು ನಾನೇ. ಅದು ತಪ್ಪು. ಅವತ್ತು ನಾವು ನಾಲ್ಕು ಜನ ಇದ್ದೆವು.