ಭಾನುವಾರದ ನೀರು

ಡಿಗ್ರಿಯಣ್ಣ ಓದಿದ್ದು ಏಳನೇ ಕ್ಲಾಸು. ಆ ಹೆಸರು ಅವನಿಗೆ ಬಂದದ್ದು ಓದಿನಿಂದಲ್ಲ, ಬಾಯ್ಲರಿನಿಂದ. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸಿಗೆಬಟ್ಟೆಯನ್ನೆಲ್ಲ ಒಗೆಯುತ್ತಿದ್ದ ದೊಡ್ಡ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡವನು ಅವನು. ಬಾಯ್ಲರ್ ಕೋಣೆಯ ಹಿಂಗೋಡೆಗೆ ಒತ್ತಿ ಮೂರು ಗಾಜಿನ ತೊಟ್ಟಿಗಳಿದ್ದವು, ತೊಟ್ಟಿಗಳಲ್ಲಿ ಮೀನು, ನೀರಿನಲ್ಲಿ ಒಂದು ಥರ್ಮಾಮೀಟರ್. ಚಹಾದ ಹೊತ್ತಿಗೆ ಇಸ್ತ್ರಿ ಮಾಡುವ ಹೆಂಗಸರು ಬಾಗಿಲಲ್ಲಿ ಇಣುಕಿ, "ಅಣ್ಣಾ, ಇವತ್ತು ಎಷ್ಟು ಡಿಗ್ರಿ?" ಎಂದು ಕೇಳುವರು. ಅವನ ಉತ್ತರ ಯಾವತ್ತೂ ಒಂದೇ, "ಇಪ್ಪತ್ತೊಂಬತ್ತು." ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗುವರು. ಅವನಿಗೆ ಆ ನಗು ಪದಕ ಕೊಟ್ಟಷ್ಟು ಸಂತೋಷ. ಬೇಸಿಗೆಯಿರಲಿ, ಚಳಿಯಿರಲಿ, ತನ್ನ ನೀರು ಕದಲುವುದಿಲ್ಲ ಎಂಬ ಹೆಮ್ಮೆ.

ಈಗ ಲಾಂಡ್ರಿಗೆ ಗ್ಯಾಸಿನ ಹೊಸ ಯಂತ್ರ ಬಂದು, ಬಾಯ್ಲರ್ ಗುಜರಿಗೆ ಹೋಗಿ, ಡಿಗ್ರಿಯಣ್ಣ ಮನೆ ಸೇರಿ ಹದಿನಾಲ್ಕು ತಿಂಗಳು. ಮೂರು ತೊಟ್ಟಿಗಳಲ್ಲಿ ಉಳಿದದ್ದು ಒಂದೇ, ಅದು ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿದೆ. ಅದರೊಳಗೆ ಉಳಿದದ್ದು ಒಂದೇ ಜೋಡಿ. ಹದಿನಾಲ್ಕು ತಿಂಗಳಲ್ಲಿ ಆ ಜೋಡಿ ಒಂದು ಮೊಟ್ಟೆಯನ್ನೂ ಇಟ್ಟಿಲ್ಲ. ಹೆಣ್ಣಿಗೆ ವಯಸ್ಸಾಗುತ್ತಿತ್ತು. ಇನ್ನು ಕೆಲವು ತಿಂಗಳು ಕಳೆದರೆ ಮೊಟ್ಟೆಯ ಮಾತೇ ಇಲ್ಲ. ಇಪ್ಪತ್ತೆರಡು ವರ್ಷ ತಾಯಿಯಿಂದ ಮರಿಗೆ, ಮರಿಯಿಂದ ಮರಿಗೆ ಅವನ ಕಣ್ಣೆದುರೇ ಹರಿದುಬಂದ ವಂಶ ಈ ಕಿಟಕಿಯ ಪಕ್ಕ ಮುಗಿದುಹೋಗುತ್ತದೆ. ಅವನಿಗೆ ಊಟ ರುಚಿಸದಿದ್ದದ್ದು ಈ ಒಂದು ಕಾರಣಕ್ಕೆ.

ಮೀನು ಡಿಸ್ಕಸ್ ಜಾತಿಯವು. ದುಂಡಗೆ, ಚಪ್ಪಟೆಯಾಗಿ ತಟ್ಟೆಯ ಹಾಗಿರುತ್ತವೆ. ಲಾಂಡ್ರಿಯಲ್ಲಿ ಎಲ್ಲರೂ ಅವನ್ನು ತಟ್ಟೆಮೀನು ಎಂದೇ ಕರೆಯುತ್ತಿದ್ದರು. ಮೊದಲ ಜೋಡಿಯನ್ನು ಕೊಟ್ಟವನು ಅವನಿಗೆ ಬೆಂಕಿಯ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ. ಕೆಲಸ ಬಿಟ್ಟು ಹೋಗುವ ದಿನ ತೊಟ್ಟಿಯ ಮೇಲೆ ಕೈಯಿಟ್ಟು, "ಬೆಂಕಿ ನೋಡೋನಿಗೆ ನೀರೂ ನೋಡೋಕೆ ಬರಬೇಕು. ಇವು ಬಾಯಿಲ್ಲದ ಜೀವ ಅಂತ ತಿಳ್ಕೋಬೇಡ. ಏನು ಬೇಕು ಅಂತ ಮೈಬಣ್ಣದಲ್ಲೇ ಹೇಳ್ತಾವೆ" ಎಂದಿದ್ದ.

ಮೇಸ್ತ್ರಿ ಕಲಿಸಿದ್ದನ್ನು ಡಿಗ್ರಿಯಣ್ಣ ಚಾಚೂ ತಪ್ಪದೆ ಪಾಲಿಸಿದ. ಮಾಂಸದ ಅಂಗಡಿಯಿಂದ ಗುಂಡಿಗೆಯ ಮಾಂಸ ತಂದು, ಕೊಬ್ಬೆಲ್ಲ ಕೆತ್ತಿ ತೆಗೆದು, ನುಣ್ಣಗೆ ಕೊಚ್ಚುವುದು. ಅಂಗಳದ ಡ್ರಮ್ಮಿನಿಂದ ಸೊಳ್ಳೆಮರಿ ಸೋಸಿ ತರುವುದು. ಬಾದಾಮಿ ಮರದ ಒಣ ಎಲೆ ನೆನೆಸಿ, ಚಹಾ ಬಣ್ಣಕ್ಕೆ ತಿರುಗಿದ ನೀರನ್ನು ತೊಟ್ಟಿಗೆ ಬೆರೆಸುವುದು. ಮೊಟ್ಟೆಯಿಡಲು ಒಂದು ಮಣ್ಣಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸುವುದು. ಸೋಮವಾರ ಬೆಳಗ್ಗೆ ಬಂದವನು ಒಲೆ ಹೊತ್ತಿಸುವ ಮೊದಲೇ ಮೂರರಲ್ಲೊಂದು ಪಾಲು ನೀರು ತೆಗೆದು, ನಲ್ಲಿಯ ಹೊಸ ನೀರು ತುಂಬುವುದು. ಬೆಂಕಿ ಹದಕ್ಕೆ ಬಂದು, ಗೋಡೆ ಕಾದು, ಚಹಾ ಬಂದ ಮೇಲೆ ಥರ್ಮಾಮೀಟರ್ ನೋಡುವುದು. ಆಗ ಇಪ್ಪತ್ತೊಂಬತ್ತು.

ಒಮ್ಮೆ ಮಾತ್ರ ಅವನು ಕೇಳಿದ್ದುಂಟು, "ಭಾನುವಾರ ರಜೆ ಅಲ್ವಾ ಮೇಸ್ತ್ರಿ, ಮೀನಿಗೆ ಊಟ ಹಾಕೋಕೆ ನಾನೊಂದು ಸಲ ಬಂದು ಹೋಗ್ಲಾ?"

ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾಕೆ, ಮನೇಲಿ ಹೆಂಡತಿ ಇಲ್ವಾ ನಿನಗೆ?" ಎಂದಿದ್ದ.

ಹೆಂಡತಿ ಇದ್ದಳು. ಭಾನುವಾರ ಅವಳದೇ ಆಗಿತ್ತು. ಇಬ್ಬರೂ ಬೀದಿಯ ತುದಿಗೆ ಹೋಗಿ ನಿಂತು, ಮೊದಲು ಬಂದ ಬಸ್ಸು ಹತ್ತುವರು. ಯಾವ ನಂಬರಾದರೂ ಸರಿಯೇ. ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲೇ ಎಲ್ಲಾದರೂ ಚಹಾ ಕುಡಿದು, ಅದೇ ಬಸ್ಸಿನಲ್ಲಿ ವಾಪಸು. ಕಿಟಕಿ ಪಕ್ಕದ ಸೀಟು ಹೋಗುವಾಗ ಅವಳಿಗೆ, ಬರುವಾಗಲೂ ಅವಳಿಗೆ. ಮಗಳು ಹುಟ್ಟಿದ ಮೇಲೆ ಮಗಳಿಗೆ. ಮಗಳು ಮದುವೆಯಾಗಿ ಹೋದ ಮೇಲೆ ಮತ್ತೆ ಅವಳಿಗೆ.

ಆ ದಿನಗಳನ್ನು ನೆನೆದರೆ ಡಿಗ್ರಿಯಣ್ಣನಿಗೆ ಮೊದಲು ಮೂಗಿಗೆ ಬರುವುದು ಬಿಸಿ ಬಟ್ಟೆಯ ವಾಸನೆ. ಆಮೇಲೆ ಕಣ್ಣಿಗೆ ಕಟ್ಟುವುದು ಮರಿಗಳು. ಈ ಮೀನಿನ ಮರಿಗಳಿಗೆ ಮೊದಲ ಊಟ ಅಪ್ಪ ಅಮ್ಮನ ಮೈಮೇಲೇ ಒಸರುವ ಲೋಳೆ. ನೂರಾರು ಮರಿಗಳು ತಾಯಿಯ ಮೈಗೆ ಹತ್ತಿಕೊಂಡು ಚಪ್ಪರಿಸುವವು. ತಾಯಿಗೆ ಸಾಕಾದಾಗ ಒಂದು ಸಲ ಮೈ ಒದರಿ ಸರಿದರೆ, ಎಲ್ಲವೂ ಒಟ್ಟಾಗಿ ತಂದೆಯ ಮೈಗೆ. ಅದನ್ನು ನೋಡಲು ಇಸ್ತ್ರಿ ಹೆಂಗಸರು ಚಹಾ ಆರುವವರೆಗೂ ನಿಲ್ಲುತ್ತಿದ್ದರು. ಅವರಲ್ಲೊಬ್ಬಳು, "ನಮ್ಮನೆ ಗಂಡಸಿಗೂ ಒಂದು ಸಲ ತೋರಿಸಬೇಕು ಅಣ್ಣಾ" ಎಂದದ್ದಕ್ಕೆ ಬಾಯ್ಲರ್ ಕೋಣೆಯೆಲ್ಲ ನಕ್ಕಿತ್ತು.

ಮನೆಯಲ್ಲಿ ಅವನು ಮಾಡದ ಆರೈಕೆ ಇರಲಿಲ್ಲ. ಬಾಯ್ಲರ್ ಗೋಡೆ ಇಲ್ಲವೆಂದು ಮಗಳು ಕೆಂಪು ಅಂಕೆ ತೋರಿಸುವ ಹೀಟರ್ ತಂದುಕೊಟ್ಟಳು. ಅದು ಹಗಲೂ ರಾತ್ರಿ ಇಪ್ಪತ್ತೊಂಬತ್ತು ಎಂದೇ ಹೇಳುತ್ತಿತ್ತು. ಹೊಸ ನೀರನ್ನು ಒಲೆಯ ಮೇಲೆ ಕಾಯಿಸಿ, ಅದೂ ಇಪ್ಪತ್ತೊಂಬತ್ತಕ್ಕೆ ಬಂದ ಮೇಲೇ ಚೊಂಬಿನಿಂದ ಹೊಯ್ಯುತ್ತಿದ್ದ. ಹೆಂಡತಿಯ ಸ್ನಾನದ ನೀರನ್ನೂ ಅವನು ಇಷ್ಟು ಮುತುವರ್ಜಿಯಿಂದ ಕಾಯಿಸಿದವನಲ್ಲ. ಮೀನಿಗೆ ದಿನಕ್ಕೆ ಎರಡು ಊಟವಿದ್ದದ್ದು ಮೂರಾಯಿತು, ಆಮೇಲೆ ನಾಲ್ಕು. ಬೀದಿಯ ಗದ್ದಲಕ್ಕೆ ಹೆದರಿಯಾವೆಂದು ಕಿಟಕಿ ಮುಚ್ಚಿದ. ಮಿಕ್ಸರ್ ಹಿತ್ತಲಿಗೆ ಹೋಯಿತು. ಕೆಂಪು ಸೀರೆ ಉಟ್ಟು ತೊಟ್ಟಿಯ ಮುಂದೆ ಹಾಯಬೇಡ ಎಂದು ಹೆಂಡತಿಗೆ ಹೇಳಿಯೂ ಆಯಿತು.

"ನನಗಿರೋದೇ ಎರಡು ಒಳ್ಳೇ ಸೀರೆ. ಎರಡೂ ಕೆಂಪು" ಎಂದಳು ಅವಳು. "ನಿಮ್ಮ ಮೀನಿಗೆ ಹೇಳಿ, ಕಣ್ಣು ಮುಚ್ಕೊಳ್ಳಲಿ."

ಮೀನಿಗೆ ಮುಚ್ಚಲು ರೆಪ್ಪೆಯಿಲ್ಲ ಎಂದು ಅವನು ವಿವರಿಸಲು ಹೊರಟ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಮೀನಂಗಡಿಯವನನ್ನೇ ಮನೆಗೆ ಕರೆತಂದ. ಆತ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಅಣ್ಣಾ, ನೀರು ಒಳ್ಳೇದಿದೆ, ಮೀನು ಆರೋಗ್ಯವಾಗಿವೆ. ಸ್ವಲ್ಪ ದಪ್ಪ ಆಗಿವೆ ಅಷ್ಟೇ. ಹೆಣ್ಣಿಗೆ ವಯಸ್ಸಾಯ್ತು. ಬೇರೆ ಎಳೆ ಜೋಡಿ ಕೊಡ್ಲಾ?"

ಬೇಡ ಎಂದು ತಲೆಯಾಡಿಸಿದ ಡಿಗ್ರಿಯಣ್ಣ ಹಿತ್ತಲಿಗೆ ಬಂದು ಮೆಟ್ಟಿಲ ಮೇಲೆ ಕೂತ. ಹೆಂಡತಿ ಹಾಸಿಗೆ ಹೊದಿಕೆ ಒಗೆಯುತ್ತಿದ್ದಳು. ಊರ ಹೊದಿಕೆಯೆಲ್ಲ ಲಾಂಡ್ರಿಯಲ್ಲಿ ಶುಭ್ರವಾದರೂ ಲಾಂಡ್ರಿಯವನ ಮನೆಯದು ಮೂವತ್ತು ವರ್ಷದಿಂದ ಈ ಕಲ್ಲಿನ ಮೇಲೇ, ಪ್ರತಿ ಬುಧವಾರ.

"ಮುಗೀತು ಅನ್ಸುತ್ತೆ" ಎಂದ. "ನನ್ನ ಕೈಯಲ್ಲೇ ಮುಗಿಯೋದು ಬರೆದಿತ್ತು."

ಅವಳು ಬಟ್ಟೆ ಹಿಂಡುತ್ತ, "ಬುಧವಾರ ಬಂದ್ರೆ ನನಗೂ ನೆನಪಾಗುತ್ತೆ" ಎಂದಳು. "ಮೊಟ್ಟೆ ಸುದ್ದಿ ನೀವು ಯಾವತ್ತೂ ತರ್ತಿದ್ದದ್ದು ಬುಧವಾರಾನೇ ಅಲ್ವಾ. ನಾನು ಇಲ್ಲಿ ಸೋಪಿನ ಕೈಯಲ್ಲಿ ಇರ್ತಿದ್ದೆ, ನೀವು ಆ ಹಿಂಬಾಗಿಲಲ್ಲಿ ಬಂದು ನಿಂತು 'ಇಟ್ಟಿದೆ' ಅಂತಿದ್ರಿ."

"ಬುಧವಾರಾನೇ ಅಂತ ಏನಿಲ್ಲ."

"ಬೇರೆ ಯಾವತ್ತಾದ್ರೂ ಹೇಳಿದ್ರೆ ನನ್ನ ಕೈ ಒಣಗಿರ್ತಿತ್ತಲ್ಲ. ನಿಮ್ಮ ಸುದ್ದಿ ಕೇಳಿದಾಗೆಲ್ಲ ನನ್ನ ಕೈ ಒದ್ದೆ."

ಡಿಗ್ರಿಯಣ್ಣ ಬೆರಳು ಮಡಿಸಿ ಹಿಂದಕ್ಕೆ ಎಣಿಸತೊಡಗಿದ. ಬುಧವಾರ. ಅದಕ್ಕೆ ಎರಡು ದಿನ ಮುಂಚೆ ಸೋಮವಾರ. ಸೋಮವಾರ ಬೆಳಗ್ಗೆ ನಲ್ಲಿಯ ತಣ್ಣೀರು. ಅದಕ್ಕೂ ಮುಂಚೆ ಭಾನುವಾರ. ಶನಿವಾರ ಸಂಜೆ ಆರಿದ ಬೆಂಕಿ ಸೋಮವಾರದವರೆಗೆ ಹೊತ್ತುತ್ತಿರಲಿಲ್ಲ. ದಪ್ಪ ಗೋಡೆ ಮೆಲ್ಲಗೆ ತಣಿಯುತ್ತಿತ್ತು, ಅದರ ಜೊತೆ ನೀರೂ ತಣಿಯುತ್ತಿತ್ತು. ಇಪ್ಪತ್ತೈದಕ್ಕೋ ಇಪ್ಪತ್ತಾರಕ್ಕೋ ಇಳಿದಿದ್ದೀತು. ಆ ದಿನ ಊಟವಿಲ್ಲ, ದೀಪವಿಲ್ಲ, ಗಾಜಿಗೆ ಮೂಗೊತ್ತಿ ನೋಡುವ ಮನುಷ್ಯನಿಲ್ಲ. ಮರುದಿನ ತಣ್ಣನೆಯ ಹೊಸ ನೀರು, ಆಮೇಲೆ ನಿಧಾನಕ್ಕೆ ಏರುವ ಕಾವು, ಹಸಿದ ಹೊಟ್ಟೆಗೆ ಊಟ. ಎಲ್ಲೋ ಮಳೆ ಬಿತ್ತು, ಹೊಳೆ ತುಂಬಿತು, ಮೊಟ್ಟೆಯಿಡುವ ಕಾಲ ಬಂತು ಎಂದು ಮೀನು ತಿಳಿದಿರಬೇಕು.

ತನ್ನ ನೀರು ಕದಲುವುದಿಲ್ಲವೆಂದು ಇಪ್ಪತ್ತೆರಡು ವರ್ಷ ಬೀಗಿದ್ದ. ವಾರಕ್ಕೊಮ್ಮೆ ಅದು ಕದಲುತ್ತಿತ್ತು, ಅವನು ನೋಡಿರಲಿಲ್ಲ ಅಷ್ಟೇ. ಆ ಹೊತ್ತಿಗೆ ಅವನು ಯಾವುದೋ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಕೂತಿರುತ್ತಿದ್ದ. ಮೇಸ್ತ್ರಿಗೆ ಇದು ಗೊತ್ತಿತ್ತೋ, ಸುಮ್ಮನೆ ತಮಾಷೆ ಮಾಡಿದ್ದನೋ, ಈಗ ಕೇಳಲು ಮೇಸ್ತ್ರಿ ಬದುಕಿರಲಿಲ್ಲ.

"ನಾನು ಒಂದು ದಿನಾನೂ ಅವನ್ನ ಸುಮ್ಮನೆ ಬಿಟ್ಟಿಲ್ಲ ಕಣೇ" ಎಂದ. "ಮನೆಗೆ ಬಂದ ಮೇಲೆ ಅವಕ್ಕೆ ಒಂದು ಭಾನುವಾರಾನೂ ಸಿಕ್ಕಿಲ್ಲ."

ಅವಳು ಹಿಂಡಿದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವನನ್ನೇ ನೋಡಿದಳು. "ನನಗೂ ಸಿಕ್ಕಿಲ್ಲ" ಎಂದಳು.

ಹಿತ್ತಲ ಗಿಡ ಮದ್ದಲ್ಲ ಎಂದು ಊರೆಲ್ಲ ಸುತ್ತಿ ಬಂದವನಿಗೆ ಮದ್ದು ಸಿಕ್ಕಿದ್ದು ಹಿತ್ತಲಲ್ಲೇ. ಆದರೆ ಅವಳ ಆ ಕೊನೆಯ ಮಾತು ಬುಧವಾರದ ಮಾತಿಗಿಂತ ಆಳಕ್ಕೆ ಇಳಿಯಿತು. ಹದಿನಾಲ್ಕು ತಿಂಗಳಿಂದ ಅವಳು ಒಂದು ಸಲವೂ ಬಸ್ಸಿನ ಮಾತೆತ್ತಿರಲಿಲ್ಲ. ತಾನೂ ಎತ್ತಿರಲಿಲ್ಲವೆಂದು ಅವನಿಗೆ ನಾಚಿಕೆಯಾಯಿತು.

ಶನಿವಾರ ಸಂಜೆ ಹೀಟರಿನ ಪ್ಲಗ್ ಕಿತ್ತ. ಕೆಂಪು ಅಂಕೆ ಆರಿತು. ತೊಟ್ಟಿಗೆ ಒಂದು ಹಳೆಯ ಹೊದಿಕೆ ಮುಚ್ಚಿದ. ಭಾನುವಾರ ಅವಳು ಕೆಂಪು ಸೀರೆ ಉಟ್ಟಳು, ಅವನು ಚಕಾರವೆತ್ತಲಿಲ್ಲ. ಬೀದಿಯ ತುದಿಯಲ್ಲಿ ಮೊದಲು ಬಂದ ಬಸ್ಸು ಹತ್ತಿದರು. ಮೊದಲ ನಾಲ್ಕು ನಿಲ್ದಾಣ ಅವನು ಮುಳ್ಳಿನ ಮೇಲೆ ಕೂತಂತೆ ಕೂತಿದ್ದ.

"ಮನೆ ಎಲ್ಲಿಗೂ ಓಡಿಹೋಗಲ್ಲ. ಮೀನಿಗಂತೂ ಕಾಲೇ ಇಲ್ಲ" ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ.

ಕೊನೆಯ ನಿಲ್ದಾಣ ಮೊದಲಿನ ಹಾಗಿರಲಿಲ್ಲ, ಅಲ್ಲಿಂದಾಚೆಗೂ ಊರು ಬೆಳೆದಿತ್ತು. ಚಹಾದ ಅಂಗಡಿ ಇದ್ದ ಜಾಗದಲ್ಲಿ ಬೀಗದ ಅಂಗಡಿ ಬಂದಿತ್ತು. ಅದರ ಪಕ್ಕದ ತಳ್ಳುಗಾಡಿಯಲ್ಲಿ ಚಹಾ ಕೊಂಡು, ಒಂದು ಬೆಂಚು ಹಿಡಿದು ಕೂತು ಕುಡಿದರು. ಮಗಳು ಇಲ್ಲೇ ಒಂದು ಸಲ ಚಪ್ಪಲಿ ಕಳೆದುಕೊಂಡು ಅತ್ತದ್ದನ್ನು ಅವಳು ನೆನಪಿಸಿದಳು. ಯಾವ ಕಾಲಿನದು ಎಂಬುದರ ಮೇಲೆ ಇಬ್ಬರಿಗೂ ಜಗಳವಾಯಿತು, ಆ ಜಗಳ ಮನೆ ಮುಟ್ಟುವವರೆಗೂ ನಡೆಯಿತು. ಎಷ್ಟೋ ಹೊತ್ತು ಮೀನಿನ ನೆನಪೇ ಬಂದಿರಲಿಲ್ಲವೆಂದು ಅವನಿಗೆ ತಿಳಿದದ್ದು ಬಾಗಿಲ ಬೀಗ ತೆಗೆಯುವಾಗ.

ಸೋಮವಾರ ಬೆಳಗ್ಗೆ ಹೊದಿಕೆ ಸರಿಸಿ, ಥರ್ಮಾಮೀಟರಿನ ಕಡೆ ನೋಡದೆ, ಮೂರರಲ್ಲೊಂದು ಪಾಲು ನೀರು ತೆಗೆದ. ನಲ್ಲಿಯಿಂದ ಹಿಡಿದು ಬಕೆಟ್ಟಿನಲ್ಲಿ ತಂಗಲು ಬಿಟ್ಟಿದ್ದ ತಣ್ಣೀರನ್ನು ಹಾಗೆಯೇ ಸುರಿದ. ಆಮೇಲೆ ಹೀಟರ್ ಹಾಕಿದ. ಊಟ ಎರಡೇ ಹೊತ್ತು. ಮಂಗಳವಾರ ಗಂಡಿನ ಮೈಮೇಲಿನ ಪಟ್ಟೆಗಳು ಕಪ್ಪಾಗಿ, ಎರಡೂ ಸೇರಿ ಬಾಯಿಂದ ಮಣ್ಣಿನ ಕೊಳವೆಯನ್ನು ಉಜ್ಜತೊಡಗಿದವು. ಅವನು ಯಾರಿಗೂ ಹೇಳಲಿಲ್ಲ. ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತ.

ಬುಧವಾರ ಮಧ್ಯಾಹ್ನ ಕೊಳವೆಯ ಮೇಲೆ ಜೇನುಬಣ್ಣದ ಸಣ್ಣ ಕಾಳುಗಳು ಸಾಲು ಹಿಡಿದು ಅಂಟಿದ್ದವು. ತಾಯಿ ರೆಕ್ಕೆಯಿಂದ ಅವಕ್ಕೆ ಗಾಳಿ ಬೀಸುತ್ತಿತ್ತು. ಡಿಗ್ರಿಯಣ್ಣನ ಕಣ್ಣು ತುಂಬಿತು. ಹಿತ್ತಲಲ್ಲಿ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಅಡುಗೆಮನೆ ದಾಟಿದರೆ ಹಿತ್ತಲು, ಹತ್ತು ಹೆಜ್ಜೆಯೂ ಆಗದು. ಅವನು ಚಪ್ಪಲಿ ಮೆಟ್ಟಿ ಮುಂಬಾಗಿಲಿನಿಂದ ಹೊರಗೆ ಹೋದ. ಬೀದಿಯುದ್ದಕ್ಕೂ ನಡೆದು, ಮೂಲೆ ತಿರುಗಿ, ಮೊದಲು ಲಾಂಡ್ರಿಯಿಂದ ಬರುತ್ತಿದ್ದ ಹಿಂದಿನ ಓಣಿ ಹಿಡಿದು ಬಂದು, ಹಿಂಬಾಗಿಲು ತಳ್ಳಿ ನಿಂತ.

"ಇಟ್ಟಿದೆ" ಎಂದ.

ಅವಳ ಕೈ ನಿಂತಿತು. ಮೊಣಕೈವರೆಗೆ ಸೋಪಿನ ನೊರೆ. "ಕೈಕಾಲು ತೊಳ್ಕೊಂಡು ಬನ್ನಿ, ಚಹಾ ಮಾಡ್ತೀನಿ" ಎಂದಳು, ಹಿಂದೆ ಅನ್ನುತ್ತಿದ್ದ ಹಾಗೆಯೇ. ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಎದ್ದವಳು ಅವನ ಕಡೆ ತಿರುಗಿದಳು. "ಹಾಗಾದ್ರೆ ಈ ಭಾನುವಾರ ಮರಿ ಕಾಯ್ಕೊಂಡು ಕೂತ್ಕೋತೀರಿ, ಅಲ್ವಾ?"

ಅವನು ಕಾಲಿಗೆ ನೀರು ಸುರಿದುಕೊಳ್ಳುತ್ತ, "ನಾನಿದ್ದು ಏನು ಮಾಡ್ಲಿ?" ಎಂದ. "ಮರಿಗೆ ಊಟ ಅಪ್ಪ ಅಮ್ಮನ ಮೈಮೇಲೇ ಇದೆ. ಇಪ್ಪತ್ತೆರಡು ವರ್ಷ ನಾನಿಲ್ಲದ ಭಾನುವಾರಾನೇ ಬೆಳೆದವು ಅವು. ನೀನು ಕೆಂಪು ಸೀರೆ ಒಗೆದಿಡು."