ಮಾಳಿಗಿ ಇಲ್ಲದ ಮನಿ

1950ನೇ ಇಸವಿ. ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಕಳೆದಿತ್ತು, ನಾವಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು. ನಾನು ಕಮಲಾಪುರದ ಸಣ್ಣ ಮಕ್ಕಳ ಶಾಲೆಯಲ್ಲಿ ಆಯಾ. ನನ್ನ ಓದು ಎರಡನೇ ಜಮಾತಿಗೆ ಮುಗಿದಿತ್ತು. ಕಸ ಹೊಡೆಯುವುದು, ನೀರು ತುಂಬುವುದು, ಮಕ್ಕಳ ಮೂಗು ಒರೆಸುವುದು ನನ್ನ ಕೆಲಸ ಅಂತ ಹುಕುಂನಲ್ಲಿ ಬರೆದಿತ್ತು. ಕೈಕೆಲಸ ಕಲಿಸುವುದು ಅದರಲ್ಲಿ ಇರಲಿಲ್ಲ. ಆದರೆ ಸರಕಾರ ಕಳಿಸಿದ ಬಣ್ಣದ ಕಾಗದ ಒಂದೇ ತಿಂಗಳಿಗೆ ತೀರಿತು. ಶಿಕ್ಷಕಿ ಶಾಂತಾಬಾಯಿ ಕಲಬುರಗಿಯ ಹುಡುಗಿ, ವಯಸ್ಸು ಇಪ್ಪತ್ತು. ಕಾಗದ ಇಲ್ಲದೆ ಅವಳಿಗೆ ಒಂದು ಹಕ್ಕಿಯನ್ನೂ ಮಾಡಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಜೋಳದ ದಂಟು ಸುಲಿದರೆ ಒಳಗೆ ಬೆಂಡು ಸಿಗುತ್ತದೆ, ಬೆಳ್ಳಗೆ, ಹಗುರವಾಗಿ. ಸುಲಿದ ಸಿಪ್ಪೆಯನ್ನು ಸಣ್ಣಗೆ ಸೀಳಿದರೆ ಅದೇ ಮೊಳೆ. ಬೆಂಡಿಗೆ ಸಿಪ್ಪೆ ಚುಚ್ಚುತ್ತ ಹೋದರೆ ಬಂಡಿ, ಎತ್ತು, ತೊಟ್ಟಿಲು, ಏನು ಬೇಕಾದರೂ ನಿಲ್ಲುತ್ತದೆ. ಅಂಟು ಬೇಡ, ಕತ್ತರಿ ಬೇಡ. ನೀರು ಮಾತ್ರ ತಾಗಬಾರದು. ನೀರು ಕುಡಿದ ಬೆಂಡು ಮೆತ್ತಗಾಗಿ ಮೊಳೆ ಬಿಟ್ಟುಬಿಡುತ್ತದೆ. ಸಿಪ್ಪೆಯ ಅಂಚು ಬ್ಲೇಡಿನಷ್ಟು ಚೂಪು. ಮೊದಲ ವಾರ ಎಲ್ಲ ಮಕ್ಕಳ ಬೆರಳಿಗೂ ಚಿಂದಿ ಕಟ್ಟಿದೆ. ಒಬ್ಬರೂ ಬಿಟ್ಟು ಹೋಗಲಿಲ್ಲ.

ಆ ಚಳಿಗಾಲ ಕಲಬುರಗಿಯಲ್ಲಿ ಸಣ್ಣ ಮಕ್ಕಳ ಕೈಕೆಲಸದ ಪ್ರದರ್ಶನ ಇಟ್ಟರು. ‘ನಮ್ಮ ಮನೆ’ ಮಾಡಿ ತರಬೇಕು ಅಂತ ಕಾಗದ ಬಂತು. ಹನ್ನೊಂದು ಮಕ್ಕಳು ಹನ್ನೊಂದು ಮನೆ ಮಾಡಿದರು. ಏಳು ವರ್ಷದ ನಾಗವ್ವ ನಾಲ್ಕು ಗೋಡೆ ನಿಲ್ಲಿಸಿದಳು, ಬಾಗಿಲು ಇಟ್ಟಳು, ಒಳಗೆ ಒಲೆ, ಬೀಸುವ ಕಲ್ಲು ಇಟ್ಟಳು. ಆಮೇಲೆ ಕೈ ಝಾಡಿಸಿ ಕೂತಳು.

“ಮುಗೀತೇನವಾ? ಮಾಳಿಗಿ ಎಲ್ಲೈತಿ?” ಅಂದೆ.

“ಇಲ್ಲ. ಸುಟ್ಟೈತಿ.”

ನಮ್ಮ ಕಡೆ ಮಾಳಿಗಿ ಅಂದರೆ ಮರದ ತೊಲೆಗಳ ಮೇಲೆ ಮಣ್ಣು ಹಾಕಿದ ಚಪ್ಪಟೆ ಛಾವಣಿ. ತೊಲೆ ಸುಟ್ಟರೆ ಮಣ್ಣು ಕೆಳಗೆ ಬೀಳುತ್ತದೆ, ಕಲ್ಲಿನ ಗೋಡೆ ಉಳಿಯುತ್ತದೆ. ನಾಗವ್ವನ ಮನೆಗೆ ಆದದ್ದು ಅದೇ. ಯಾರು ಸುಟ್ಟರು ಅಂತ ಕೇಳಬೇಡಿ. ಪೊಲೀಸ್ ಆಕ್ಷನ್ ಆದ ವರ್ಷ ಸುಡುವವರು ಎಲ್ಲ ಕಡೆಯೂ ಇದ್ದರು. ಎರಡು ವರ್ಷದಿಂದ ನಾಗವ್ವನ ಮನೆಯವರು ಅದೇ ಗೋಡೆಗಳ ನಡುವೆ, ಒಂದು ಮೂಲೆಗೆ ತಗಡು ಹೊದಿಸಿಕೊಂಡು ಇದ್ದರು.

“ನಾ ಮಾಡಿದಂಗ ಇಡತೀಯೇನು ಆಯಿ?” ಅಂದಳು.

“ಮಾಡಿದಂಗ ಇಡತೀನಿ” ಅಂದೆ. ಮಾತು ಕೊಟ್ಟಾಯಿತು.

ಒಣಗಿದ ಬಾಳೆಪಟ್ಟೆಯಲ್ಲಿ ಮನೆಗಳನ್ನು ಸುತ್ತಿ, ಮೇಲೆ ನಾಲ್ಕು ದಂಟು ಇಟ್ಟುಕೊಂಡು, ನಾನು, ಶಾಂತಾಬಾಯಿ, ನಾಗವ್ವ ಬೆಳಗಿನ ಮೋಟಾರು ಹಿಡಿದೆವು. ಉಳಿದ ಮಕ್ಕಳನ್ನು ಅವರ ಮನೆಯವರು ಕಳಿಸಲಿಲ್ಲ. ಪ್ರದರ್ಶನ ಇದ್ದದ್ದು ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಹಾಲ್‌ನಲ್ಲಿ. ನಮ್ಮ ಮೇಜಿಗೆ ಮೊದಲು ಬಂದವರು ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು.

“ಯೇ ಕ್ಯಾ ಹೈ? ಅರ್ಧಾ ಮನಿ ತಂದೀರೇನು?”

“ಪೂರಾ ಐತ್ರೀ ಸಾಹೇಬ್ರ.”

“ಮಾಳಿಗಿ ಎಲ್ಲಿ?”

“ಊರಾಗೂ ಇಲ್ರೀ. ಬಂದು ನೋಡ್ರಿ.”

ಸಾಹೇಬರು ನನ್ನನ್ನು ಬಿಟ್ಟು ಶಾಂತಾಬಾಯಿ ಕಡೆ ತಿರುಗಿದರು. “ಹೈದರಾಬಾದಿನ ದೊಡ್ಡ ಸಾಹೇಬ್ರು ಐವಾನ್-ಎ-ಶಾಹಿ ಸರಕಾರಿ ಬಂಗ್ಲೆಯೊಳಗ ಇಳದಾರ, ಇನ್ನೊಂದು ತಾಸಿಗೆ ಬರ್ತಾರ. ಸುಟ್ಟ ಮನಿ ತೋರಸಾಕ ನಿಮ್ಮನ್ನ ಕರದಿಲ್ಲ. ಮಾಳಿಗಿ ಹಾಕ್ರಿ, ಇಲ್ಲಾ ತಗೀರಿ. ನಿಮ್ಮ ನೌಕರಿ ಇನ್ನಾ ಪಕ್ಕಾ ಆಗಿಲ್ಲ ಬಾಯಿ, ಖಯಾಲ್ ಇರಲಿ.”

ನಾನು ನಾಗವ್ವನಿಗೆ ನೀರು ಕುಡಿಸಿಕೊಂಡು ಬರುವಷ್ಟರಲ್ಲಿ ಶಾಂತಾಬಾಯಿ ಪಕ್ಕದ ಮೇಜಿನಿಂದ ಮೈದಾ ಅಂಟು, ಕೆಂಪು ಕಾಗದ ತಂದು ಮಾಳಿಗಿ ಹಚ್ಚಿಬಿಟ್ಟಿದ್ದಳು. ಹೆದರಿ ಮಾಡಿದಳು. ಪಟ್ಟಣದ ಹುಡುಗಿ, ಬೆಂಡಿಗೂ ರಟ್ಟಿಗೂ ಒಂದೇ ಲೆಕ್ಕ ಅಂದುಕೊಂಡಳು. ನಾವು ನೋಡುತ್ತಿದ್ದ ಹಾಗೆ ಬೆಂಡು ಅಂಟಿನ ನೀರು ಕುಡಿಯಿತು, ಮೊಳೆಗಳು ಸಡಿಲಾದವು, ಹಿಂದಿನ ಗೋಡೆ ವಾಲಿತು. ಮಾಳಿಗಿ ಒಲೆಯ ಮೇಲೆ ಕುಸಿಯಿತು.

ನಾಗವ್ವ ಅಳಲಿಲ್ಲ. “ಮತ್ತ ಬಿತ್ತು” ಅಂದಳು, ಅಷ್ಟೇ.

“ಅಕ್ಕಾ, ನಾ ಏನು ಮಾಡ್ಲಿ, ನನ್ನ ನೌಕರಿ...” ಶಾಂತಾಬಾಯಿ ಶುರು ಮಾಡಿದಳು.

“ನೀ ಸುಮ್ಮ ಕೂಡು. ಯಾರರೆ ಕೇಳಿದ್ರ ಆಯಾ ಮಾತು ಕೇಳಲಿಲ್ಲ ಅನ್ನು. ಸುಳ್ಳೇನಲ್ಲ.”

ನೆಲದ ಮೇಲೆ ಕೂತೆವು. ನಾನು ದಂಟು ಸುಲಿದು ಕೊಟ್ಟೆ, ನಾಗವ್ವ ಚುಚ್ಚಿದಳು. ಗೋಡೆಗೆ ನಾನು ಕೈ ಹಚ್ಚಲಿಲ್ಲ. ನೆನೆದ ಬೆಂಡು ಕಿತ್ತು ಹೊಸದು ಹಾಕಿದಳು, ಒಲೆ ಇದ್ದಲ್ಲೇ ಇಟ್ಟಳು. ಮನೆ ಮತ್ತೆ ಮೇಜು ಹತ್ತಿತು. ಇನ್ಸ್‌ಪೆಕ್ಟರ್ ಸಾಹೇಬರೂ ಮತ್ತೆ ಬಂದರು.

“ಮಾಳಿಗಿ ಹಾಕು ಅಂದಿದ್ದೆ.”

“ಹಾಕಿದ್ವಿ. ಅದರಿಂದನ ಮನಿ ಬಿತ್ತು.”

ಎತ್ತಲು ಕೈ ಚಾಚಿದರು. ನಾನು ಮೇಜಿಗೆ ಅಡ್ಡ ನಿಂತೆ. “ಇದೊಂದು ತಗದ್ರ ಹನ್ನೊಂದೂ ತಗೀತೀನಿ. ಖಾಲಿ ಮೇಜು ಯಾಕಂತ ದೊಡ್ಡ ಸಾಹೇಬ್ರಿಗೆ ನೀವ ಜವಾಬು ಹೇಳ್ರಿ.”

“ಆಯಾ ಆಗಿ ಇಷ್ಟು ಮಾತೇನು?”

“ಮಾತು ಕೊಟ್ಟೀನ್ರೀ, ಅದಕ್ಕ.”

ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು. ಅವರು ಟೊಪ್ಪಿಗೆ ಸರಿ ಮಾಡಿಕೊಂಡು ಓಡಿದರು.

ದೊಡ್ಡ ಸಾಹೇಬರು ಒಂದೊಂದೇ ಮೇಜು ದಾಟಿ ನಮ್ಮಲ್ಲಿಗೆ ಬಂದು ಬಗ್ಗಿ ನೋಡಿದರು. ಮಾಳಿಗಿ ಯಾಕಿಲ್ಲ ಅಂತ ನಾಗವ್ವನನ್ನೇ ಕೇಳಿದರು.

“ಸುಟ್ಟೈತ್ರೀ.”

“ಮಾಳಿಗಿ ಇಲ್ಲದ ಮನ್ಯಾಗ ಒಲಿ ಯಾಕ ಇಟ್ಟಿ?”

“ಅಡಗಿ ಮಾಡಬೇಕಲ್ರೀ.”

ಸಾಹೇಬರು ಮುಂದಿನ ಮೇಜಿಗೆ ಹೋದರು. ಬಹುಮಾನ ಒಂದು ರಟ್ಟಿನ ಬಂಗಲೆಗೆ ಹೋಯಿತು. ಅದು ಯಾವ ಮಗುವಿನ ಕೈಕೆಲಸವೂ ಅಲ್ಲ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

ಮುಂದಿನ ವಾರ ನನ್ನ ಹೆಸರಿಗೆ ಮೆಮೊ ಬಂತು, ಹುಕುಂ ಯಾಕೆ ಮೀರಿದಿ ಅಂತ. ಬರೆಯಲು ಬರುವಷ್ಟು ಬರೆದೆ: ‘ಮನೆ ನನ್ನದಲ್ಲ. ಮಾಳಿಗಿ ಹಾಕುವ ಹಕ್ಕು ನನಗಿಲ್ಲ.’ ಆಯಾ ಇನ್ನು ಮೇಲೆ ಕೈಕೆಲಸ ಕಲಿಸಕೂಡದು ಅಂತ ಮತ್ತೊಂದು ಕಾಗದ ಬಂತು. ನನ್ನ ಹುಕುಂನಲ್ಲಿ ಬರೆದೇ ಇಲ್ಲದ ಕೆಲಸವನ್ನು ಬಿಡು ಅಂದರೆ ಏನು ಬಿಡಲಿ? ಮರುದಿನವೂ ದಂಟು ತಂದೆ. ನೆಲದ ಮೇಲೆ ಬಿದ್ದ ಸಿಪ್ಪೆ ಗುಡಿಸುವುದು ಹೇಗೂ ನನ್ನ ಕೆಲಸವೇ ಆಗಿತ್ತು.

ನಾಗವ್ವನ ಬೆಂಡಿನ ಮನೆ ಶಾಲೆಯ ಕಟ್ಟೆಯ ಮೇಲೆ ಬಹಳ ದಿನ ಇತ್ತು. ಕಡೆಗೆ ಒಂದು ಆಡು ತಿಂದಿತು. ಆಡಿಗೆ ನಾನು ಏನೂ ಅನ್ನಲಿಲ್ಲ. ಅದು ಮಾಳಿಗಿ ಹಾಕು ಅಂದಿರಲಿಲ್ಲ.

ಆಮೇಲೆ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ. ಮಕ್ಕಳ ಕೈಗೆ ದಂಟು ಕೊಡಿ, ಸುಲಿಯಲು ಬಾರದಿದ್ದರೆ ಸುಲಿದು ಕೊಡಿ, ಬೆರಳು ಕೊಯ್ದರೆ ಚಿಂದಿ ಕಟ್ಟಿ. ಮಾಳಿಗಿ ಅವರಿಗೆ ಬಿಡಿ.