ಗಿಲ್‌ರಾಯ್‌ನಿಂದ ತಾಮ್ರದ ಡಬ್ಬಿಯವರೆಗೆ

ಕಲಾಯಿಗಾರರ ಮನೆಯ ಹೆಣ್ಣುಮಗಳು ಕಾಲೇಜು ಮುಗಿಸುವುದೆಂದರೆ ತಾಮ್ರದ ಕೊಡಕ್ಕೆ ಕಾಲು ಬಂದ ಹಾಗೆ ಎಂದವರು ಹುಬ್ಬಳ್ಳಿಯ ನಮ್ಮ ದೊಡ್ಡ ಮಾಮು. ನಾನು ಬಿ.ಎ. ಮುಗಿಸಿದೆ; ನಮ್ಮ ವಂಶಕ್ಕೇ ಅದು ಮೊದಲ ಡಿಗ್ರಿ. ಮದುವೆಯಾಗಿ ಗಿಲ್‌ರಾಯ್‌ಗೆ ಬಂದು, ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂ ಒಂದರಲ್ಲಿ ಹಳೆಯ ಲೋಹದ ವಸ್ತುಗಳನ್ನು ಕಾಪಾಡುವ ಕೋರ್ಸಿಗೆ ಸೇರಿದೆ ಎಂದಾಗ ಮಾಮು ಫೋನಿನಲ್ಲಿ ನಕ್ಕರು: "ಬಿಳಿ ಮಂದಿ ನಿನ್ನ ಕೈಯಾಗ ಭಾಂಡೆ ಕೊಡ್ತಾರ? ಕೊಟ್ರ ತಿಕ್ಕಾಕ ಕೊಟ್ಟಾರು." ಎರಡು ವರ್ಷ ಪ್ರತಿ ಶನಿವಾರ ಹೋಗಿ ಬಂದೆ. ಉಳಿದದ್ದು ಒಂದೇ ಒಂದು ಮೌಖಿಕ ಪರೀಕ್ಷೆ: ಮ್ಯೂಸಿಯಂನ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದು ಗುರುತಿಸುವುದು. ಪಾಸಾದರೆ ಅಂದೇ ಸರ್ಟಿಫಿಕೇಟು, ಇಲ್ಲವಾದರೆ ಇನ್ನೊಂದು ವರ್ಷ.

ಪರೀಕ್ಷೆ ಬಿದ್ದದ್ದು ಶುಕ್ರವಾರ. ಔಟ್‌ಲೆಟ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹಾಗಾಗಿ ಜೊತೆಗೆ ಹೊರಟವರು ಫುಪ್ಪಿ, ಅಂದರೆ ನನ್ನ ತಂದೆ ಅಬ್ಬಾರ ಅಕ್ಕ. ಹುಬ್ಬಳ್ಳಿಯಿಂದ ಬಂದು ಅವರಿಗೆ ತಿಂಗಳಾಗಿತ್ತು. ಅಬ್ಬಾ ಓಣಿ ಓಣಿಯಲ್ಲಿ ಕುಳಿತು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದಾಗ ತಿದಿ ಒತ್ತುತ್ತಿದ್ದವರು ಇವರೇ. ಅಬ್ಬಾ ಈಗಿಲ್ಲ.

ಬೆಳಿಗ್ಗೆ ಆರರ ರೈಲು ಹಿಡಿದೆವು. ಟಿಕೆಟ್ಟು ತಲೆಗೆ ಆರು ಡಾಲರ್ ಚಿಲ್ಲರೆ, ಪ್ರಯಾಣ ಎರಡು ಗಂಟೆಗೂ ಹೆಚ್ಚು. ಗಿಲ್‌ರಾಯ್ ಬೆಳ್ಳುಳ್ಳಿ ಬೆಳೆಗೆ ಹೆಸರಾದ ಊರು; ಸ್ಟೇಷನ್ನಿನಲ್ಲೂ ಅದರದೇ ವಾಸನೆ. "ಊರಿಗೇ ಒಗ್ಗರಣಿ ಕೊಟ್ಟಾರಲ್ಲವಾ!" ಎಂದರು ಫುಪ್ಪಿ. ಸ್ಯಾನ್ ಹೋಸೆ ದಾಟುತ್ತಲೇ ರೈಲಿನ ಡಬ್ಬಿ ತುಂಬಿತು. ಅದು ಡಾಟ್ ಕಾಮ್ ಕಂಪನಿಗಳ ಭರಾಟೆಯ ಕಾಲ; ಎಲ್ಲರ ತೊಡೆಯ ಮೇಲೂ ಲ್ಯಾಪ್‌ಟಾಪು, ಎಲ್ಲರ ಬಾಯಲ್ಲೂ ಷೇರಿನ ಮಾತು. ನಮ್ಮ ಕನ್ನಡ ಕೇಳಿ ಎದುರು ಸೀಟಿನ ಬೆಂಗಳೂರಿನ ಯುವಕನೊಬ್ಬ ಮುಖ ಅರಳಿಸಿದ.

"ಮೇಡಂ, ಯಾವ ಸ್ಟಾರ್ಟಪ್ಪು ನಿಮ್ದು?"

"ಸ್ಟಾರ್ಟಪ್ ಅಲ್ಲ. ಚರ್ಚಿನ ಹಳೇ ತಾಮ್ರದ ಡಬ್ಬಿ ನೋಡೋಕೆ ಹೊರಟಿದೀವಿ."

"ಡಬ್ಬಿ ಡಾಟ್ ಕಾಮಾ? ಸೂಪರ್ ಹೆಸ್ರು! ಫಂಡಿಂಗ್ ಆಯ್ತಾ?"

ಫುಪ್ಪಿ ಅವನ ಕೈಗೊಂದು ಚಪಾತಿ ಸುರುಳಿ ಇಟ್ಟರು. "ಮೊದ್ಲ ಇದನ್ನ ತಿನ್ನಪಾ. ಮಾರಿ ಒಣಗಿ ಹೋಗೇತಿ." ಸ್ಯಾನ್ ಮಟಿಯೋದಲ್ಲಿ ಇಳಿಯುವವರೆಗೆ ಅವನು ಮೂರು ತಿಂದ.

ನಗರದಲ್ಲಿ ಮಂಜು ಕವಿದಿತ್ತು. ಬಸ್ಸಿಗೆ ಒಂದೊಂದು ಡಾಲರು ಕೊಟ್ಟು ಹತ್ತಕ್ಕೆ ಮ್ಯೂಸಿಯಂ ತಲುಪಿದೆವು. ಪರೀಕ್ಷೆಗೆ ಇನ್ನೂ ಒಂದು ಗಂಟೆ ಇತ್ತು, ಫುಪ್ಪಿಗೆ ಚರ್ಚಿನ ಸಾಮಾನುಗಳ ಕೋಣೆ ತೋರಿಸಿದೆ. ಸರಪಳಿಯ ಧೂಪದಾನಿ ಕಂಡೊಡನೆ, "ಇದು ನಮ್ಮ ಲೋಬಾನದಾನಿನ. ಚೈನು ಉದ್ದ ಆಗೇತಿ ಅಷ್ಟ" ಎಂದರು. ಬೆಳ್ಳಿಯ ಮುಂಗೈಯೊಂದನ್ನು ನೋಡಿ ಗಾಬರಿಯಾದರು.

"ಕೈ ಯಾಕ ಕಡದು ಇಟ್ಟಾರ?"

"ಒಳಗೆ ಸಂತರೊಬ್ಬರ ಎಲುಬು ಇಡುತ್ತಿದ್ದರು ಫುಪ್ಪಿ. ಪಾದ್ರಿ ಇದನ್ನೆತ್ತಿ ಜನರಿಗೆ ಆಶೀರ್ವಾದ ಮಾಡುತ್ತಿದ್ದರು."

"ಹಂಗಾರ ಕೈಯಾಗ ಹಿಡಿಯೋ ದರ್ಗಾ ಅನ್ನು" ಎಂದು ಸೆರಗು ತಲೆಯ ಮೇಲೆಳೆದುಕೊಂಡರು.

ಪರೀಕ್ಷೆಯ ಕೋಣೆಯಲ್ಲಿ ಮನೆಯವರು ಹಿಂದಿನ ಕುರ್ಚಿಯಲ್ಲಿ ಕೂರಬಹುದಿತ್ತು; ಫುಪ್ಪಿ ಅಲ್ಲಿ ಕುಳಿತರು. ಪರೀಕ್ಷಕರು ನಮ್ಮ ಟೀಚರ್ ಮಾರ್ಗರೆಟ್; ಬಿಳಿ ಕೂದಲು, ಕಡ್ಡಿ ಮುರಿದಂಥ ಮಾತು. ನನ್ನ ಪಾಲಿಗೆ ಬಂದದ್ದು ಏಳುನೂರು ವರ್ಷ ಹಳೆಯ, ಅಂಗೈಯಗಲದ ದುಂಡು ಡಬ್ಬಿ: ತಾಮ್ರಕ್ಕೆ ಚಿನ್ನದ ಲೇಪ, ಹೊರಗೆ ನೀಲಿ ಗಾಜು ಕರಗಿಸಿ ಕೂರಿಸಿದ ಮೀನಾಕಾರಿ ಚಿತ್ತಾರ, ಗೋಪುರದಂಥ ಮುಚ್ಚಳ. ಅದು ಮೊದಲು ಯಾವ ಕೆಲಸಕ್ಕೆ ಇತ್ತು, ಹೇಳಬೇಕು. ಮೊದಲೇ ಕೊಟ್ಟಿದ್ದ ಫೋಟೋ ನೋಡಿ, ಧೂಪದ ಹರಳು ಇಡುವ ಡಬ್ಬಿ ಎಂದು ಎರಡು ವಾರದಿಂದ ಬಾಯಿಪಾಠ ಮಾಡಿದ್ದೆ.

ಮುಚ್ಚಳ ತೆರೆದೆ. ಕಲಾಯಿಯವರು ಪಾತ್ರೆಯ ಹೊಟ್ಟೆಯನ್ನು ಮೊದಲು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ನನ್ನ ಕೈಗೆ ಬಿಳಿ ಗ್ಲೌಸು, ಏನೂ ತಿಳಿಯಲೊಲ್ಲದು. ಆಗ ಸವೆತ ಕಾಣಲೆಂದು ನಾವು ಮಾಡುವ ಇನ್ನೊಂದು ಕೆಲಸವನ್ನು ಮಾಡಿಬಿಟ್ಟೆ: ಡಬ್ಬಿಯನ್ನು ಬಾಯಿಗೆ ಹಿಡಿದು "ಹಾ" ಎಂದು ಉಸಿರು ಬಿಟ್ಟೆ.

"ಒರಸು, ಒರಸು!" ಎಂದರು ಹಿಂದಿನಿಂದ ಫುಪ್ಪಿ. ನನ್ನ ಕೈ ದುಪಟ್ಟಾದತ್ತ ಹೋಯಿತು.

"ನಿಲ್ಲು!" ಮಾರ್ಗರೆಟ್ ನನ್ನ ಮಣಿಕಟ್ಟು ಹಿಡಿದರು. "ಉಸಿರಿನ ತೇವ ಲೋಹಕ್ಕೆ ಏನು ಮಾಡುತ್ತದೆಂದು ಎರಡು ವರ್ಷ ಕಲಿಸಿದ್ದೇನೆ!"

ಮುಗಿಯಿತು ಎಂದುಕೊಂಡೆ. ಆದರೆ ಕಣ್ಣು ಡಬ್ಬಿಯ ಒಳಗೇ ಇತ್ತು. ಉಸಿರಿನ ಮಂಜು ಚಿನ್ನದ ಮೇಲೊಂದು ರೀತಿ, ಬರಿ ತಾಮ್ರದ ಮೇಲೊಂದು ರೀತಿ ಆರುತ್ತಿತ್ತು.

"ಮೇಡಂ, ಆರೋ ಮೊದಲು ನೋಡಿ. ನಾನು ಬಾಯಿಪಾಠ ಮಾಡಿ ತಂದ ಉತ್ತರ ತಪ್ಪು. ಧೂಪದ ಹರಳಾದರೆ ಚಮಚ ಹಾಕಿ ತೆಗೆಯಬೇಕು, ಗೀರು ಬೀಳಬೇಕು. ಇಲ್ಲಿ ಗೀರಿಲ್ಲ. ನಡುವೆ ಮಾತ್ರ ಚಿನ್ನ ನುಣ್ಣಗೆ ಸವೆದಿದೆ. ಇದು ಬೆರಳಿನ ಸವೆತ. ತೆಳ್ಳಗಿನದೇನನ್ನೋ ಬೆರಳಲ್ಲೇ ಎತ್ತಿದ್ದಾರೆ, ನೂರಾರು ಸಲ. ಕಾಣದ ಒಳಭಾಗಕ್ಕೂ ಚಿನ್ನ ಬಳಿದಿದ್ದಾರೆ ಅಂದರೆ ಬಾಯಿಗೆ ಹೋಗುವ ವಸ್ತು, ಪವಿತ್ರವಾದದ್ದು. ಚರ್ಚಿಗೆ ಬರಲಾಗದ ರೋಗಿಗಳ ಮನೆಗೆ ಪಾದ್ರಿ ಒಯ್ಯುತ್ತಿದ್ದ ಪವಿತ್ರ ರೊಟ್ಟಿಯ ಡಬ್ಬಿ ಇದು."

ಮಾರ್ಗರೆಟ್ ಕನ್ನಡಕ ಏರಿಸಿ ಬಗ್ಗಿದರು. ಡಬ್ಬಿಯೊಳಗೆ ನೋಡಿದರು.

"ಇದನ್ನು ನಿನಗೆ ಯಾರು ಕಲಿಸಿದರು?"

"ನನ್ನ ತಂದೆ. ಹುಬ್ಬಳ್ಳಿಯಲ್ಲಿ ಪಾತ್ರೆಗಳಿಗೆ ತವರ ಬಳಿಯುತ್ತಿದ್ದರು."

"ಜೀವಮಾನದಲ್ಲಿ ಇನ್ನೊಮ್ಮೆ ಹೀಗೆ ಉಸಿರು ಬಿಡಕೂಡದು" ಎಂದರು. ಆಮೇಲೆ ನಕ್ಕರು. "ಉತ್ತರ ಸರಿ. ಈ ಸವೆತ ನನಗೆ ಇಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ."

ಅಲ್ಲೇ ಸಹಿ ಹಾಕಿ ಸರ್ಟಿಫಿಕೇಟು ಕೊಟ್ಟು ಕೈ ಕುಲುಕಿದರು. ನಾನು ಅದನ್ನು ಫುಪ್ಪಿಯ ಕೈಗಿಟ್ಟೆ. ಅವರಿಗೆ ಓದಲು ಬರುವುದಿಲ್ಲ.

"ನಿನ್ನ ಹೆಸರು ಎಲ್ಲೈತಿ?"

ಅವರ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ.

"ಇದರ ಬಾಜೂಕ ಏನೋ ಐತಲ್ಲ?"

"ಅಬ್ಬಾನ ಹೆಸರು. ಇಲ್ಲಿ ಎರಡನ್ನೂ ಸೇರಿಸೇ ಬರೀತಾರೆ."

ಫುಪ್ಪಿ ಎರಡು ಹೆಸರುಗಳ ಮೇಲೂ ಬೆರಳಾಡಿಸಿ, ಮೂಗೊರಸಿಕೊಂಡು ಹೇಳಿದರು: "ಹಂಗಾರ ಇಬ್ರೂ ಪಾಸಾದ್ರಿ ಬಿಡು."